ಗೂಟ ನೆಟ್ಟ ಗುಂಡಿಗಳು

"ಕೈಗೇನು ಲಕ್ವ ಹೊಡೆದಿದೆಯೇನೇ, ಗುಂಡಿಯಕ್ಕ? ಬೇಗ ತೋಡೇ ಮುಂಡೇದೆ. ನಾಲ್ಕು ಗಂಟೆಗೆ ಹಡಗಿನ ಜನ ಇಳೀತಾರೆ. ಈ ಹೆಣ ಅವರ ಕಣ್ಣಿಗೆ ಬಿದ್ದರೆ ನಿನ್ನನ್ನೂ ಇದರ ಜೊತೆಗೇ ಹೂಳಿಸ್ತೀನಿ."

ಮೇಸ್ತ್ರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ದೂರ ಸರಿದು ನಿಂತ. ಅವಳು ತೋಡುತ್ತಲೇ ಇದ್ದಳು.

ಗುಂಡಿಯಕ್ಕ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಪ್ರವಾಸಿ ಹಡಗುಗಳು ಬರತೊಡಗಿದಾಗ ದಡ ಗುಡಿಸಲು ಸೇರಿದವಳು. ಪೊರಕೆ ಹಿಡಿದದ್ದಕ್ಕಿಂತ ಸಲಿಕೆ ಹಿಡಿದದ್ದೇ ಹೆಚ್ಚು. ಅಲೆ ತಂದು ಹಾಕಿದ ಸತ್ತ ಆಮೆಗಳನ್ನೆಲ್ಲ ಯಾರೂ ನೋಡುವ ಮೊದಲು ಮರಳಿನಡಿ ಸೇರಿಸಬೇಕು. ಹೂತಲ್ಲೇ ಮತ್ತೆ ತೋಡಿಬಿಟ್ಟರೆ ನಾತ ಎದ್ದು ಎರಡು ದಿನ ತುತ್ತು ಇಳಿಯುವುದಿಲ್ಲ. ಅದಕ್ಕೇ ಪ್ರತಿ ಗುಂಡಿಯ ತಲೆಗೂ ಒಂದು ಗೂಟ ನೆಡುವುದು ಅವಳ ರೂಢಿ. ಮೂರು ವರ್ಷಕ್ಕೆ ನಲವತ್ತು ಗೂಟ.

ಇವತ್ತಿನದು ಹೆಣ್ಣು. ಚಿಪ್ಪಿನ ಮೇಲೆ ಅಡ್ಡಡ್ಡ ನಾಲ್ಕು ಸೀಳು, ಅಳತೆ ಹಿಡಿದು ಕುಂಬಳಕಾಯಿ ಹೋಳು ಮಾಡಿದ ಹಾಗೆ. ಹಡಗಿನ ಅಡಿಯಲ್ಲಿ ತಿರುಗುವ ಫ್ಯಾನಿನ ಕೆಲಸ. ಸೀಳಿನೊಳಗಿಂದ ಬಿಳಿ ಮೊಟ್ಟೆಗಳು ಇಣುಕುತ್ತಿದ್ದವು.

"ಹೆರೋಕೆ ಬಂದೆಯೇನೇ ತಾಯಿ? ಬಸುರಿ ಅಂತ ದಾರಿ ಬಿಡೋ ಜಾತಿ ಅಲ್ಲ ಕಣೇ ಅದು," ಎಂದಳು ಮೆಲ್ಲಗೆ.

ಹತ್ತು ಗಂಟೆಗೆ ಗಂಡನ ಜೊತೆ ಪ್ರಾಣಿ ಸಂರಕ್ಷಣೆಯ ಕಚೇರಿಯಲ್ಲಿ ನಿಂತಿದ್ದಳು. ಉಗುರಿನಲ್ಲಿ ಇನ್ನೂ ಮರಳಿತ್ತು. ಆಮೆ ಕೊಂದ ಆರೋಪದ ಮೇಲೆ ಅವನ ದೋಣಿಯನ್ನು ಹಿಡಿದಿಟ್ಟು ಎಂಟು ದಿನವಾಗಿತ್ತು. ಅವನಪ್ಪ ಕೈಯಾರೆ ಕಟ್ಟಿದ ದೋಣಿ.

"ದಡದಲ್ಲಿ ಆಮೆ ಸತ್ತಿದೆ ಅಂದರೆ ಬಲೆಗೆ ಸಿಕ್ಕೇ ಸತ್ತಿರೋದು. ತಪ್ಪೊಪ್ಪಿಕೊಂಡು ಒತ್ತು ಹೆಬ್ಬೆಟ್ಟು," ಎಂದ ಅಧಿಕಾರಿ.

"ಬಲೇಲಿ ಸಿಕ್ಕಿದ್ದು ಉಸಿರುಕಟ್ಟಿ ಸಾಯುತ್ತೆ ಸಾಹೇಬ್ರೆ, ಚಿಪ್ಪು ಸೀಳಿರಲ್ಲ. ಇಲ್ಲಿ ಸಾಯೋವೆಲ್ಲ ಹಡಗಿನ ಫ್ಯಾನಿಗೆ ಸಿಕ್ಕವು," ಎಂದ ಗಂಡ.

"ಎಲ್ಲೋ ಇದಾವೆ? ಒಂದೇ ಒಂದು ತೋರಿಸು, ಇವತ್ತೇ ನಿನ್ನ ದೋಣಿ ಬಿಡ್ತೀನಿ. ಮೂರು ವರ್ಷದ ಕಡತದಲ್ಲಿ ಹಡಗಿಗೆ ಸಿಕ್ಕ ಆಮೆ ಒಂದೂ ಇಲ್ಲ. ಹಡಗಿನವರೇ ಆಮೆ ಉಳಿಸಿ ಅಂತ ದಡದ ತುಂಬ ಬೋರ್ಡು ಹಾಕಿದಾರೆ. ಕೊಂದು ತಿನ್ನೋ ಬೋಳಿಮಕ್ಕಳು ನೀವು."

ಗಂಡ ತಿರುಗಿ ಅವಳ ಮುಖ ನೋಡಿದ. ಹೇಳಲೇ ಎಂದು ಕೇಳುವ ನೋಟ. ಎಂಟು ದಿನದಿಂದ ಒಲೆ ಉರಿಯುತ್ತಿದ್ದದ್ದು ಅವಳ ಸಲಿಕೆಯಿಂದಲೇ ಎನ್ನುವುದು ಇಬ್ಬರಿಗೂ ಗೊತ್ತು. ಅವಳು ತಲೆ ತಗ್ಗಿಸಿ ಉಗುರಿನ ಮರಳು ತೆಗೆಯತೊಡಗಿದಳು.

ಅವನು ಹೆಬ್ಬೆಟ್ಟು ಒತ್ತಿದ.

"ಮೂರು ಗಂಟೆಗೆ ದೋಣಿಗೆ ಗರಗಸ ಹಾಕ್ತಾರೆ. ಬೇಕಿದ್ದರೆ ಬಂದು ಸೌದೆ ಆರಿಸ್ಕೋ," ಎಂದು ಅಧಿಕಾರಿ ಕಡತ ಮುಚ್ಚಿದ.

ಇಬ್ಬರೂ ಹೊರಗೆ ಬಂದು ದಡದ ದಾರಿ ಹಿಡಿದರು. ಆಮೇಲೆ ಗಂಡನೇ ನಗಲು ನೋಡಿದ. "ಹೋಗ್ಲಿ ಬಿಡೇ. ಅಷ್ಟು ಆಮೆ ಹೂತಿದೀಯ, ನಮ್ಮ ದೋಣೀನೂ ಒಂದು ಹೂತುಬಿಡು. ಗೂಟ ಮಾತ್ರ ಮರೀಬೇಡ. ಕಣ್ಣು ಮಂಜಾದ ಕಾಲಕ್ಕೆ ಎಡವಿ ಬಿದ್ದೇನು."

ಆ ಮಾತಿಗೆ ಅವಳು ನಗಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಮೂರು ಗಂಟೆಗೆ ದಡದ ಆ ತುದಿಯಲ್ಲಿ ಗರಗಸ ಕೊಯ್ಯತೊಡಗಿತು. ಈ ತುದಿಯಲ್ಲಿ ಹಡಗಿನ ಜನ ಕಾಲಿಡಲೆಂದು ಕೆಂಪು ಹಾಸು ಬಿಚ್ಚಿದ್ದರು. ಅವಳು ಮೊದಲನೆಯ ಗೂಟ ಕಿತ್ತು ಗುಂಡಿ ಬಗೆದಳು. ಮಾಂಸವೆಲ್ಲ ಮಣ್ಣಾಗಿ ಚಿಪ್ಪೊಂದೇ ಉಳಿದಿತ್ತು. ಅಡ್ಡಡ್ಡ ಸೀಳುಗಳು ನಿನ್ನೆ ಮಾಡಿದಂತಿದ್ದವು. ಅದನ್ನು ಒಯ್ದು ಕೆಂಪು ಹಾಸಿನ ಮೇಲಿಟ್ಟಳು. ಎರಡನೆಯ ಗೂಟ. ಮೂರನೆಯದು.

ಮೇಸ್ತ್ರಿ ಎದ್ದೆನೋ ಬಿದ್ದೆನೋ ಎಂದು ಓಡಿ ಬರುವಷ್ಟರಲ್ಲಿ ಐದು ಚಿಪ್ಪು ಸಾಲಾಗಿದ್ದವು. "ತಲೆ ಕೆಟ್ಟಿದೆಯೇನೇ ನಿಂಗೆ? ಎತ್ತೇ ಅವನ್ನ. ನಾಳೆಯಿಂದ ಕೆಲಸಕ್ಕೆ ಬರಬೇಡ."

"ನಾಳೆ ಬರಲ್ಲ ಮೇಸ್ತ್ರಿ. ಇವತ್ತಿಂದು ಇನ್ನೂ ಬಾಕಿ ಇದೆ," ಎಂದು ಬೆಳಗಿನ ಗುಂಡಿಯ ಕಡೆ ನಡೆದಳು.

ಅದು ಹಸಿ ಹೆಣ, ಎತ್ತಲಾಗಲಿಲ್ಲ. ಕಾಲು ಹಿಡಿದು ಎಳೆದಳು. ಎಳೆದ ದಾರಿಯುದ್ದಕ್ಕೂ ಮೊಟ್ಟೆಗಳು ಉದುರಿದವು. ಹಾಸಿನ ತುದಿಗೆ ತಂದು ಬಿಟ್ಟಾಗ ಹಡಗಿನಿಂದ ಬಂದ ಮೊದಲ ದೋಣಿ ದಡ ಮುಟ್ಟಿತ್ತು. ಬಿಳಿ ಬೂಟಿನ ಹೆಂಗಸೊಬ್ಬಳು ಇಳಿಯಲೆಂದು ಚಾಚಿದ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದಳು.

ಗರಗಸದ ಸದ್ದೊಂದೇ ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು, ಮರ ಎರಡಾಗಿ ಮರಳಿಗೆ ಬಿದ್ದ ಸದ್ದು ಬಂತು.

ಗುಂಡಿಯಕ್ಕ ಆ ಕಡೆ ನೋಡಲಿಲ್ಲ. ಸಲಿಕೆ ಹೆಗಲಿಗೇರಿಸಿಕೊಂಡು ಆರನೆಯ ಗೂಟದ ಹತ್ತಿರ ಹೋದಳು.