ಪಿಯಾನೋಗೊಂದು ಉಸಿರು

ನಮ್ಮ ಯಜಮಾನರು ಸಂಗೀತ ರಚನೆಕಾರರು. ಅಂದರೆ, ಯಾರಿಗೂ ಗುನುಗಲು ಬಾರದ ಹೊಸ ಬಗೆಯ ಶಾಸ್ತ್ರೀಯ ಸಂಗೀತ ಬರೆಯುವವರು. ಅದನ್ನು ಮೊದಲಿನಿಂದಲೂ ಕೊಳಲಿನಲ್ಲಿ ನುಡಿಸುತ್ತ ಬಂದವಳು ನಾನು. ಈ ಸಲ ಕಛೇರಿ ಏರ್ಪಡಿಸುವ ಸಭಾಂಗಣದವರು ಬರೀ ಪಿಯಾನೋಗೆ ಒಂದು ರಚನೆ ಬೇಕೆಂದರು. ಇವರು ನನ್ನನ್ನು ಒಂದು ಮಾತೂ ಕೇಳದೆ ಹೂಂ ಅಂದುಬಿಟ್ಟರು. ನುಡಿಸುವವಳು ನನ್ನ ನಾದಿನಿ. ಹೊಟ್ಟೆ ಉರಿಯಿತು, ಮುಚ್ಚುಮರೆ ಏಕೆ? ಇನ್ನು ಇವರ ಸಂಗೀತದಲ್ಲಿ ನನಗೆ ಜಾಗವಿಲ್ಲವೇನೋ ಎಂದು ಭಯವೂ ಆಯಿತು.

ಪಿಯಾನೋ ಮುಂದೆ ಕೂತರೆ ಇವರಿಗೆ ಒಂದು ಸ್ವರವೂ ಹೊಳೆಯಲಿಲ್ಲ. ಕೊನೆಗೆ ಕಂಪ್ಯೂಟರಿಗೆ ಎಐ ತಂತ್ರಾಂಶವೊಂದನ್ನು ಹಾಕಿಸಿಕೊಂಡು, ತಮ್ಮ ಹಳೆಯ ರಚನೆಗಳನ್ನೆಲ್ಲ ಅದಕ್ಕೆ ಉಣಬಡಿಸಿದರು. ಅದು ಕಲಿತುಕೊಂಡು ಥೇಟ್ ಇವರಂತೆಯೇ ಬರೆಯುತ್ತದಂತೆ. ಹಾಗಾದರೆ ಅದೂ ನಿಮ್ಮ ಹಾಗೆ ಮೊದಲು ಮನೆಯೆಲ್ಲ ಕನ್ನಡಕ ಹುಡುಕಬೇಕಲ್ಲ ಎಂದೆ. ನಾನು ಕಾಫಿ ಮಾಡಿ ತರುವಷ್ಟರಲ್ಲಿ ರಚನೆ ಸಿದ್ಧ. ಮುದ್ರಿಸಿಕೊಂಡು ತಂಗಿಯನ್ನು ಕರೆಸಿದರು.

ನಾದಿನಿ ನುಡಿಸಿದಳು. ಚೆನ್ನಾಗಿಯೇ ಇತ್ತು, ಹಾಳಾದ್ದು. ಆದರೆ ಒಂದು ಸಾಲು ಓಡುತ್ತಿದ್ದಂತೆ ಗಪ್ಪನೆ ಮೌನ, ಮತ್ತೆ ಓಟ, ಮತ್ತೆ ಮೌನ. ಅವಳ ತಾಳ್ಮೆ ಕೆಟ್ಟಿತು.

"ಅಣ್ಣಾ, ಪಿಯಾನೋ ಏನು ಉಸಿರು ತಗೋಬೇಕಾ? ಇಷ್ಟು ಕಡೆ ಯಾಕೆ ನಿಲ್ಸಿದ್ದೀಯ?"

ನಿಲ್ಲಿಸಿದ್ದು ತಾನಲ್ಲ, ಯಂತ್ರ ಎಂದು ಇವರು ತಡವರಿಸಿದರು. ಯಂತ್ರಕ್ಕೆ ಕಲಿಸಿದವರು ಯಾರು ಎಂದು ಅವಳು ಪಟ್ಟು ಬಿಡಲಿಲ್ಲ. ಹಳೆಯ ರಚನೆಗಳನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಕೊಳಲಿಗೆ ಅದೇ ರೀತಿ, ಅಷ್ಟಷ್ಟು ದೂರಕ್ಕೊಂದು ವಿರಾಮ. ಇವರ ಕಿವಿ ಕೆಂಪಾಯಿತು.

"ಇವಳಿಗೆ ದಮ್ಮು ಸಾಲಲ್ಲ ಕಣೇ," ಎಂದರು ತಂಗಿಗೆ, ನನ್ನ ಕಡೆ ನೋಡದೆ. "ಹಾಗೇ ಬರೆದು ರೂಢಿಯಾಗಿಹೋಗಿದೆ."

ನನಗೆ ದಮ್ಮು ಸಾಲದೆ! ಬೇರೆಯವರ ರಚನೆ ನುಡಿಸುವಾಗ ಉಸಿರು ಕಟ್ಟುತ್ತಿದ್ದುದು ನಿಜ. ಬರೆಯಲು ಬಾರದವರು ಎಂದು ಅವರನ್ನೇ ಬೈಯುತ್ತಿದ್ದೆ. ಇವರದ್ದು ಮಾತ್ರ ಸಲೀಸಾಗಿ ಬರುತ್ತಿತ್ತು. ಅದು ನನ್ನ ಸಾಧನೆ ಎಂದು ಊರೆಲ್ಲ ಜಂಬ ಕೊಚ್ಚಿಕೊಂಡಿದ್ದೆ. ಈಗ ಇವರಿಗೆ ನಾಲ್ಕು ಮಾತು ಅನ್ನಲು ಹೊರಟವಳು, ಹಳೆಯ ಹಾಳೆಗಳಲ್ಲಿದ್ದ ಆ ವಿರಾಮಗಳನ್ನೇ ಒಂದೊಂದಾಗಿ ಎಣಿಸತೊಡಗಿದೆ.

ಪಿಯಾನೋಗೆ ಬೇಡದ ವಿರಾಮಗಳನ್ನು ಅಳಿಸಲು ಇವರು ಕೂತರು. ಒಂದನ್ನು ಅಳಿಸಿ ಕಂಪ್ಯೂಟರಿನಲ್ಲೇ ನುಡಿಸಿ ಕೇಳಿದರು. ಮುಖ ಹುಳ್ಳಗಾಯಿತು. ಇನ್ನೊಂದನ್ನು ಅಳಿಸಿದರು. ಆಮೇಲೆ ಎರಡನ್ನೂ ವಾಪಸ್ ಹಾಕಿ, ಕಂಪ್ಯೂಟರ್ ಮುಚ್ಚಿದರು. ಪಿಯಾನೋ ಜೊತೆ ಕೊಳಲೂ ಇರುತ್ತದೆ, ತಾನೇ ಕೂತು ಬರೆಯುತ್ತೇನೆ, ಸಭಾಂಗಣದವರಿಗೆ ಹಾಗಂತ ಹೇಳು ಎಂದರು ತಂಗಿಗೆ. ಅವರು ಒಪ್ಪದಿದ್ದರೆ ಎಂದು ಅವಳು ಕೇಳಿದಳು.

"ಬೇರೆ ಯಾರ ಹತ್ರಾನಾದ್ರೂ ಬರೆಸ್ಕೊಳ್ಳಲಿ. ಇವಳನ್ನ ಬಿಟ್ಟು ಬರೆಯೋಕೆ ನಂಗೆ ಬರಲ್ಲ."

ಕೊಳಲು ತರುತ್ತೇನೆಂದು ನಾನು ಒಳಗೆ ಎದ್ದುಹೋದೆ. ಕೊಳಲು ಅಲ್ಲೇ, ಅವರಿಬ್ಬರ ಎದುರಿಗೇ, ಪಿಯಾನೋ ಮೇಲಿತ್ತು.