ಎರಡು ದಾರಿಯ ಸ್ವಿಚ್ಚು

ಸ್ಟುಡಿಯೋದಲ್ಲಿ ಮಗಳ ಡಬ್ಬಿಯನ್ನು ಅಪ್ಪ ಕಾಲಿನ ತುದಿಯಿಂದ ಪಕ್ಕಕ್ಕೆ ಸರಿಸಿದ. ಕೈಯಿಂದ ಮುಟ್ಟುವಷ್ಟು ಮರ್ಯಾದೆಯನ್ನೂ ಅದಕ್ಕೆ ಕೊಡಲಿಲ್ಲ. ಊಟದ ಡಬ್ಬಿಯಷ್ಟೇ ಇದ್ದ ಆ ಡಿಜಿಟಲ್ ಯಂತ್ರ, ಕಾಲಲ್ಲಿ ತುಳಿದು ಸದ್ದು ಬದಲಿಸುವ ಹಳೆಯ ಗಿಟಾರ್ ಪೆಡಲ್‌ಗಳ ಸದ್ದನ್ನೆಲ್ಲ ಅನುಕರಿಸಿ ಹೊಟ್ಟೆಯಲ್ಲಿಟ್ಟುಕೊಂಡಿದೆ ಎಂದು ಮಾರಿದವರು ಹೇಳಿಕೊಂಡಿದ್ದರು. ಅಪ್ಪನ ಲೆಕ್ಕದಲ್ಲಿ ಅದೊಂದು ಗಿಳಿ. ಹೇಳಿಕೊಟ್ಟದ್ದನ್ನು ಒದರುತ್ತದೆ, ಏನು ಒದರುತ್ತಿದ್ದೇನೆಂದು ಅದಕ್ಕೇ ಗೊತ್ತಿಲ್ಲ.

ತನ್ನ ಕೋರಸ್ ಪೆಡಲನ್ನು ಮಾತ್ರ ಅವನು ಬಟ್ಟೆಚೀಲದಿಂದ ಎರಡೂ ಕೈಯಲ್ಲಿ ಹೊರತೆಗೆದ. ಬಣ್ಣ ಎದ್ದುಹೋದ ನೀಲಿ ತಗಡಿನ ಪೆಟ್ಟಿಗೆ, ತಿರುಗಿಸುವ ಎರಡು ನಾಬು, ಒಂದು ಕೆಂಪು ದೀಪ. ಒಬ್ಬರು ತಂತಿ ಮೀಟಿದರೆ ಇಬ್ಬರು ಕೂಡಿ ಮೀಟಿದಂತೆ, ಅದರಲ್ಲೊಬ್ಬರು ಕೂದಲೆಳೆಯಷ್ಟು ಹಿಂದೆ ಬಿದ್ದಂತೆ ಕೇಳಿಸುವುದು ಅದರ ಕೆಲಸ. ಸದ್ದಿನ ಅಲೆ ಎಷ್ಟು ನಿಧಾನವೋ ದೀಪವೂ ಅಷ್ಟೇ ನಿಧಾನವಾಗಿ ಮಿನುಗುತ್ತದೆ. ಹೋಟೆಲುಗಳಲ್ಲಿ, ಆರ್ಕೆಸ್ಟ್ರಾಗಳಲ್ಲಿ ಅವನ ಅರ್ಧ ಆಯುಸ್ಸು ಅದನ್ನು ತುಳಿಯುತ್ತಲೇ ಕಳೆದಿತ್ತು. ಈಗ ಯಾರೂ ಕರೆಯುತ್ತಿರಲಿಲ್ಲ. ಕರೆಯದವರೆಲ್ಲ ಕಿವುಡರೆಂದು ಅವನು ಎಂದೋ ತೀರ್ಮಾನಿಸಿಬಿಟ್ಟಿದ್ದ.

ಮಗಳ ಮೊದಲ ಹಾಡು ಅದು. ಗಿಟಾರನ್ನು ಹಿಂದಿನ ವಾರವೇ ಇದೇ ಸ್ಟುಡಿಯೋದಲ್ಲಿ ಡಬ್ಬಿಯ ಮೂಲಕ ನುಡಿಸಿ ರೆಕಾರ್ಡ್ ಮಾಡಿ ಮುಗಿಸಿದ್ದಳು. ಅಲ್ಲಿಗೇ ಕರೆಸಿ ಕೇಳಿಸಿದಾಗ ಅಪ್ಪ ಹಳಸಿದ್ದನ್ನು ಬಾಯಿಗಿಟ್ಟವನಂತೆ ಮುಖ ಮಾಡಿದ. ಕೊನೆಯ ಸಾಲಿಗೆ ಮುಂಚೆ ಅವಳು ಒಂದು ಸ್ವರದ ಮೇಲೆ ನಿಂತುಬಿಟ್ಟಿದ್ದಳು, ಮುಂದಕ್ಕೆ ಹೋಗಲು ಮನಸ್ಸಿಲ್ಲದವಳ ಹಾಗೆ. ಅಲ್ಲಿ ಅಪ್ಪನ ಎದೆ ಝಲ್ಲೆಂದಿತ್ತು. ಆದರೆ ಡಬ್ಬಿಯಿಂದ ಬಂದದ್ದನ್ನು ಹೊಗಳುವುದುಂಟೆ? ಪ್ಲಾಸ್ಟಿಕ್ಕು, ಪೂರ್ತಿ ಪ್ಲಾಸ್ಟಿಕ್ಕು ಎಂದ. ಅವಳ ಮುಖ ಸಪ್ಪಗಾಯಿತು.

ಇವತ್ತು ಅದನ್ನು ರುಜುವಾತು ಮಾಡಿ ತೋರಿಸಲೆಂದೇ ಸ್ಟುಡಿಯೋಗೆ ಬಂದಿದ್ದ. ಜೊತೆಗೆ ತಾನೇ ಬೆಸುಗೆ ಹಾಕಿದ ಎರಡು ದಾರಿಯ ಸ್ವಿಚ್ಚು ತಂದಿದ್ದ. ಮಗಳ ಗಿಟಾರು ಸ್ವಿಚ್ಚಿಗೆ, ಅಲ್ಲಿಂದ ಎಡದ ದಾರಿ ಡಬ್ಬಿಗೆ, ಬಲದ ದಾರಿ ಪೆಡಲಿಗೆ. ಕೇಬಲ್ಲುಗಳೆಲ್ಲ ಕಪ್ಪು, ಜಮಖಾನೆಯ ಕೆಳಗೆ ಹಾವಿನ ಮರಿಗಳಂತೆ ಹರಿದಾಡಿದ್ದವು. ಸ್ಟುಡಿಯೋ ಯಜಮಾನ ನೆರವಿಗೆ ಬಗ್ಗಿದಾಗ, ಇದೆಲ್ಲ ನಿಮಗೆ ತಿಳಿಯುವುದಿಲ್ಲ ಎಂದು ಅವನನ್ನು ದೂರ ನಿಲ್ಲಿಸಿ ಪಿನ್ನುಗಳನ್ನೆಲ್ಲ ತಾನೇ ಚುಚ್ಚಿದ.

ಮಗಳು ಮೀಟಿದಳು. ಅಪ್ಪ ಸ್ವಿಚ್ಚನ್ನು ಎಡಕ್ಕೆ ಒತ್ತಿ, "ಹೆಣ," ಎಂದ. ಬಲಕ್ಕೆ ಒತ್ತಿದ. "ಇದು ನೋಡಿ, ಉಸಿರಾಡ್ತಿದೆ." ಯಜಮಾನ ತಲೆದೂಗಿದ. ಮಗಳೂ ಒಪ್ಪಿದಳು, ಬಲದ್ದೇ ಚೆನ್ನಾಗಿದೆಯೆಂದು. ಹಳೆಯ ರೆಕಾರ್ಡಿಂಗನ್ನು ಇಟ್ಟುಕೊಂಡಿರಲೇ ಎಂದು ಯಜಮಾನ ಕೇಳಿದ. ಇಟ್ಟುಕೊಂಡರೆ ಕೈ ಅದರ ನಕಲು ಮಾಡುತ್ತದೆ, ಅಳಿಸಿಬಿಡಿ ಎಂದ ಅಪ್ಪ.

"ಅವತ್ತು ಕೈ ತಾನಾಗೇ ಹೋಗಿತ್ತು ಅಪ್ಪ," ಎಂದಳು ಮಗಳು. "ಮತ್ತೆ ಹಾಗೆ ಬರುತ್ತೋ ಇಲ್ವೋ."

"ಕೈ ನಿನ್ನದೇ ತಾನೆ? ಎಲ್ಲಿ ಓಡಿಹೋಗುತ್ತೆ?"

ಅವಳು ಗಿಟಾರಿನ ಮೇಲೆ ಗಲ್ಲವೂರಿದಳು, ಆಮೇಲೆ ಯಜಮಾನನತ್ತ ನೋಡಿ ಹೂಂ ಎಂಬಂತೆ ತಲೆಯಾಡಿಸಿದಳು. ಅವನು ಅಳಿಸಿದ.

ಬಲದ ದಾರಿಯಲ್ಲಿ ಹೊಸದಾಗಿ ನುಡಿಸತೊಡಗಿದಾಗ ಅಪ್ಪ ಪೆಡಲಿನ ಮುಂದೆ ಮಂಡಿಯೂರಿ ನಾಬನ್ನು ಎಳ್ಳಷ್ಟು ತಿರುಗಿಸಿದ. ಸದ್ದು ಅರಳಿತು. ಗಾಜಿನಾಚೆಯಿದ್ದ ಯಜಮಾನನೂ ಹೆಬ್ಬೆರಳೆತ್ತಿ ತೋರಿಸಿದ. ಸ್ವರಗಳೆಲ್ಲ ಪಾಠ ಒಪ್ಪಿಸಿದಂತೆ ಸರಿಯಾಗಿ ಬಂದವು. ಕೊನೆಯ ಸಾಲಿಗೆ ಮುಂಚಿನ ಸ್ವರದ ಮೇಲೆ ಅವಳು ನಿಲ್ಲಲಿಲ್ಲ. ಮತ್ತೊಮ್ಮೆ ನುಡಿಸಿದಾಗ ನಿಂತಳು, ಆದರೆ ಎಣಿಸಿಕೊಂಡು ನಿಂತಂತಿತ್ತು. ಸಾಕು ಎಂದಳು.

ಎಲ್ಲ ಮುಗಿದ ಮೇಲೆ ಅಪ್ಪ ಸಾಮಾನು ಕಟ್ಟತೊಡಗಿದ. ಮಗಳು ಯಜಮಾನನ ಜೊತೆ ಪಕ್ಕದ ಕೋಣೆಯಲ್ಲಿದ್ದಳು. ಸ್ವಿಚ್ಚಿನ ಬಲದ ತೂತಿನಿಂದ ಪಿನ್ನು ಕಿತ್ತು, ಅಭ್ಯಾಸದಂತೆ ಕೇಬಲ್ಲನ್ನು ಮೊಣಕೈಗೆ ಸುತ್ತಿಕೊಳ್ಳುತ್ತಾ ಹೋದ. ಜಮಖಾನೆಯ ಕೆಳಗಿನಿಂದ ಅದು ಪೆಡಲಿನ ಕಡೆಗೆ ಬರಬೇಕಿತ್ತು. ಬರಲಿಲ್ಲ. ಎಳೆದ. ಗೋಡೆಯ ಬದಿಯಲ್ಲಿ, ಅವನು ಕಾಲಿನಿಂದ ತಳ್ಳಿದ್ದ ಡಬ್ಬಿ ಕೇಬಲ್ಲಿನ ಜೊತೆಗೇ ಒಂದು ಗೇಣು ಮುಂದಕ್ಕೆ ಬಂತು.

ಅವನು ಕೂತಲ್ಲೇ ಕೂತ. ಹೆಣವೆಂದದ್ದು ತನ್ನ ಪೆಡಲನ್ನು. ಉಸಿರಾಡುತ್ತಿದೆ ಎಂದದ್ದು ಡಬ್ಬಿಯನ್ನು. ತಾನು ತಿರುಗಿಸಿದ ನಾಬು ಯಾವ ಸದ್ದನ್ನೂ ಮುಟ್ಟಿರಲಿಲ್ಲ. ಊರಿನ ಕಿವುಡರನ್ನೆಲ್ಲ ಜನ್ಮವಿಡೀ ಎಣಿಸಿದವನಿಗೆ ತನ್ನ ಕಿವಿಯ ಮೇಲೇ ಹೇಸಿಗೆಯಾಯಿತು. ಅದೂ ಹೋಗಲಿ. ಅಳಿಸಿದ್ದು ಅಳಿಸಿಯೇ ಹೋಗಿತ್ತು.

ಮಗಳು ಬಾಗಿಲಲ್ಲಿ ಬಂದು ನಿಂತಳು.

"ಹಳೇದು ನಿಜವಾಗ್ಲೂ ಅಷ್ಟು ಕೆಟ್ಟದಾಗಿತ್ತಾ ಅಪ್ಪ?"

ಕೇಬಲ್ಲು ಇನ್ನೂ ಅವನ ಮೊಣಕೈಯಲ್ಲಿತ್ತು. ಬಚ್ಚಿಡಬಹುದಿತ್ತು, ಬಚ್ಚಿಡಲಿಲ್ಲ.

"ಆ ಒಂದು ಸ್ವರದ ಮೇಲೆ ನಿಂತಿದ್ದೆಯಲ್ಲ," ಎಂದ. "ನನ್ನ ಕೈಲೂ ಯಾವತ್ತೂ ಹಾಗೆ ನಿಲ್ಲೋಕಾಗಿಲ್ಲ."

ಅವಳ ಕಣ್ಣು ಅವನ ಮೊಣಕೈಯಿಂದ ಕೇಬಲ್ಲಿನಗುಂಟ ಹೋಗಿ ಡಬ್ಬಿಯ ಹತ್ತಿರ ನಿಂತಿತು. ಬಂದು ಕುಕ್ಕರುಗಾಲಲ್ಲಿ ಕೂತು, ಪಿನ್ನು ಕಿತ್ತು ಕೇಬಲ್ಲನ್ನು ಅವನಿಗೇ ಬಿಟ್ಟು, ಡಬ್ಬಿಯನ್ನು ಎತ್ತಿಕೊಂಡು ಹೋದಳು. ಜಮಖಾನೆಯ ಮೇಲೆ ನೀಲಿ ಪೆಡಲಿನ ದೀಪ, ಅವನು ತಿರುಗಿಸಿಟ್ಟಷ್ಟೇ ನಿಧಾನವಾಗಿ, ಮಿನುಗುತ್ತಲೇ ಇತ್ತು.