ನಾಲ್ಕು ಕೋಟಿಯ ಮೊಣಕಾಲು

ನೀನು ಸಾಕು ಅಂದ ದಿನ ‘ಇನ್ನೊಂದು ಸಲ ಆಡು’ ಎಂದು ನಾನು ಹೇಳುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟು ಹದಿಮೂರು ವರ್ಷವಾಯಿತು. ಆಗ ಸಪ್ನಾಳಿಗೆ ಹನ್ನೊಂದು. ನಂದಗಡದ ಕುಸ್ತಿ ಕಣದಲ್ಲಿ ತನಗಿಂತ ದೊಡ್ಡ ಹುಡುಗಿಯನ್ನು ಚಿತ್ ಮಾಡಿ, ಐನೂರು ರೂಪಾಯಿ ಗೆದ್ದು, ಕಿರುಬೆರಳಿನ ಕೀಲು ತಪ್ಪಿದ್ದನ್ನು ಯಾರಿಗೂ ತೋರಿಸದೆ ಮುಷ್ಟಿ ಕಟ್ಟಿಕೊಂಡು ಮನೆಗೆ ಬಂದಿದ್ದಳು. ಬೆರಳು ನೋಡಿ ಅತ್ತವಳು ನಾನು. ಅವಳು ಅಳಲಿಲ್ಲ.

“ಯವ್ವಾ, ಮುಂದ ಒಂದಿನ ನನಗ ಸಾಕಾಗಬಹುದು. ಆವಾಗ ನೀ ಬೈತಿ.”

“ಬೈಯೂದಿಲ್ಲ.”

“ಇನ್ನೊಂದ್ ಸಲ ಆಡು ಅಂತಿ.”

“ಅನ್ನೂದಿಲ್ಲವ್ವ.”

“ಹಂಗಾರ ಭಂಡಾರ ಮುಟ್ಟು.”

ನಮ್ಮದು ಕುರಿ ಕಾಯುತ್ತಿದ್ದ ಮನೆತನ. ನಮ್ಮ ದೇವರು ಬೀರಪ್ಪನ ಅರಿಶಿನ, ಅಂದರೆ ಭಂಡಾರ, ಮುಟ್ಟಿ ಆಡಿದ ಮಾತನ್ನು ನಮ್ಮಲ್ಲಿ ಯಾರೂ ಹಿಂದೆ ತೆಗೆದುಕೊಳ್ಳುವುದಿಲ್ಲ. ದೇವರ ಜಗಲಿಯ ಮೇಲಿನ ಅರಿಶಿನದ ಬಟ್ಟಲಿಗೆ ಬೆರಳು ಒತ್ತಿ, ಅವಳ ಹಣೆಗೆ ಹಚ್ಚಿದೆ.

ಅವಳ ಅಪ್ಪ ಬಸ್ ಕಂಡಕ್ಟರ್ ಆಗಿದ್ದರು. ಅವಳಿಗೆ ಆರು ವರ್ಷವಿದ್ದಾಗ ತೀರಿಕೊಂಡರು. ಅನುಕಂಪದ ಮೇಲೆ ಅವರ ಚೀಲ ನನ್ನ ಹೆಗಲಿಗೆ ಬಂತು. ಬೆಳಗಾವಿ, ಖಾನಾಪುರ, ನಂದಗಡ. ದಿನಕ್ಕೆ ಮೂರು ಸುತ್ತು. ನಮ್ಮ ಮನೆಗೆ ಕಾಯಂ ನೌಕರಿ ಬಂದದ್ದು ಒಬ್ಬರು ಸತ್ತದ್ದಕ್ಕೆ. ಅದು ಬೇರೆ ದಾರಿಯಿಂದಲೂ ಬರುವುದನ್ನು ನಾನು ಕಂಡಿರಲಿಲ್ಲ.

ಕುಸ್ತಿ ಕಲಿಸಿದ್ದು ನಮ್ಮ ಊರಿನ ವಸ್ತಾದ ಬಂಡೆಪ್ಪ. ಕೆಂಪು ಮಣ್ಣಿನಲ್ಲಿ ಅವಳನ್ನು ಬೀಳಿಸಿ ಬೀಳಿಸಿ ಅವರು ಹೇಳಿಕೊಟ್ಟದ್ದು ಒಂದೇ ಪಾಠ, ಹಿಡಿದದ್ದನ್ನು ಬಿಡಬಾರದು. ಆಮೇಲೆ ಬೆಳಗಾವಿಯ ಕ್ರೀಡಾ ಹಾಸ್ಟೆಲಿಗೆ ಸೇರಿದಳು. ಅಲ್ಲಿ ಜೂಡೊ ಸೀಟು ಖಾಲಿ ಇತ್ತು, ಜೂಡೊ ಕಲಿತಳು. ಹಾಸ್ಟೆಲು ಬಿಟ್ಟ ಮೇಲೆ ಕಬಡ್ಡಿ ತಂಡದವರು ಕರೆದರು, ಅದಕ್ಕೂ ಹೋದಳು. ಚಳಿಗಾಲದಲ್ಲಿ ಊರೂರಿನ ಕುಸ್ತಿ ಕಣ, ಬೇಸಿಗೆಯಲ್ಲಿ ಲೈಟು ಹಾಕಿ ಆಡಿಸುವ ಕಬಡ್ಡಿ, ನಡುವೆ ಜೂಡೊ. ಯಾವ ತಿಂಗಳಲ್ಲಿ ಯಾವ ಆಟಕ್ಕೆ ಇನಾಮಿದೆಯೋ ಆ ತಿಂಗಳು ಆ ಆಟ. ಹಾಲು, ಬಾದಾಮಿ, ಬೂಟು, ಬಸ್ ಚಾರ್ಜು ಕಳೆದು ಉಳಿದದ್ದರಲ್ಲಿ ಒಂದು ಹಳೆ ಸ್ಕೂಟಿ ಬಂತು, ಒಂದು ಫ್ರಿಜ್ ಬಂತು. ಖಾನಾಪುರದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಶೀಲ್ಡುಗಳನ್ನು ಇಡಲು ಜಾಗವಿಲ್ಲದೆ ಮಂಚದ ಕೆಳಗೆ ಸರಿಸಿದ್ದೇನೆ.

ಹೋದ ವರ್ಷ ದೀಪಾವಳಿಯ ಹೊತ್ತಿಗೆ ಮೊಬೈಲಿನಲ್ಲಿ ಅವಳ ಮೇಲೆ ಒಂದು ಬರಹ ಬಂತು. ಮೂರು ಆಟಗಳ ಅಪರೂಪದ ಆಟಗಾರ್ತಿ, ಆಸ್ತಿ ನಾಲ್ಕು ಕೋಟಿ. ಯಾರು ಬರೆದರೋ, ಯಾರನ್ನು ಕೇಳಿ ಬರೆದರೋ ಗೊತ್ತಿಲ್ಲ. ಸಪ್ನಾ ಅದನ್ನು ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಯವ್ವಾ, ನಮಗ ಬೆಂಗಳೂರಾಗ ಫ್ಲ್ಯಾಟ್ ಐತಂತ. ಅದರ ಬಾಡಿಗಿ ಯಾರ ತಿನ್ನಾಕತ್ತಾರ ನೋಡು.”

ಮನೆಯಲ್ಲಿ ಅದು ನಗುವ ಮಾತು. ಬಸ್ಸಿನಲ್ಲಿ ಹಾಗಿರಲಿಲ್ಲ. ಮರುದಿನ ಪೀರನವಾಡಿ ದಾಟುವುದರೊಳಗೆ ಶುರುವಾಯಿತು. ಸಂತೆಗೆ ಬೆಳ್ಳುಳ್ಳಿ ಒಯ್ಯುವ ನಿಂಗವ್ವ, ಹೆಂಗಸರ ಸೊನ್ನೆ ಟಿಕೆಟ್ ಕೈಗಿಟ್ಟ ಕೂಡಲೇ ಬಾಯಿ ತೆಗೆದಳು.

“ನಾಕ್ ಕೋಟಿ ಇಟಗೊಂಡು ನನಗ ಸೊನ್ನಿ ಕೊಡ್ತಿಯಲ್ಲ ಮಾಯವ್ವಾ, ನಾಚಿಕಿ ಬರೂದಿಲ್ಲೇನ?”

“ನಾಕ್ ಕೋಟಿ ನಿನ್ನ ಬುಟ್ಟಿ ಬಾಜೂಕ ಇಟ್ಟೀನಿ. ಇಳಿಯುವಾಗ ಮರೀಬ್ಯಾಡ.”

ಡ್ರೈವರ್ ಬಾಳಾಸಾಹೇಬ ಕನ್ನಡಿಯಲ್ಲಿ ನೋಡಿ ಕೇಳಿದ. “ಅಕ್ಕಾ, ಖರೇ ಹೇಳು, ಕಾರ್ ಯಾವಾಗ ತಗೋತಿ? ನಾ ಡ್ರೈವರ್ ಆಗಿ ಬರ್ತೀನಿ.”

“ಈ ಗಾಡೀನ ತಗೋತೀನಪಾ. ಮೊದಲ ನಿನ್ನ ಇಳಸ್ತೀನಿ.”

ಗುರುಪುತ್ರಪ್ಪನವರು ನಂದಗಡದ ರಿಟೈರಾದ ಮಾಸ್ತರರು. ಅವರದು ತಮಾಷೆಯಲ್ಲ. ಗರಡಿ ಮನೆಗೆ ಹೊಸ ತಗಡು ಹಾಕಿಸಬೇಕು, ಐವತ್ತು ಸಾವಿರ ಬರೆದುಕೊಳ್ಳಲೇ ಎಂದು ಪುಸ್ತಕ ತೆಗೆದರು.

“ನಮ್ಮ ಹಂತೇಕ ಅಷ್ಟ ಎಲ್ಲೈತ್ರಿ ಸರ್?”

“ಗೂಗಲ್ಲ ಹೇಳಾಕತ್ತೈತಲ್ಲವಾ.”

“ಹಂಗಾರ ಗೂಗಲ್ ಕಡೆ ಪಟ್ಟಿ ಎತ್ರಿ.”

ಅವತ್ತಿನಿಂದ ಅವರು ನನ್ನ ಬಸ್ಸು ಬಂದರೆ ಹಿಂದಿನ ಬಸ್ಸಿಗೆ ನಿಲ್ಲುತ್ತಾರೆ.

ಜನವರಿಯಲ್ಲಿ ಮೊಣಕಾಲು ಹೋಯಿತು. ಕುಸ್ತಿಯ ಕಾಲದಲ್ಲೂ ಇನಾಮಿಟ್ಟಿದ್ದ ಬೆಳಗಾವಿಯ ಒಂದು ಕಬಡ್ಡಿ ಪಂದ್ಯ. ರೇಡಿಗೆ ಬಂದವಳ ಕಾಲು ಹಿಡಿದಳು, ಹಿಡಿತ ಪೂರ್ತಿ ಕೂಡಲಿಲ್ಲ. ಕಬಡ್ಡಿಯವರು ಅಂಥ ಹೊತ್ತಿನಲ್ಲಿ ಬಿಟ್ಟುಬಿಡುತ್ತಾರೆ, ಒಂದು ಅಂಕ ಹೋದರೆ ಹೋಯಿತು. ಕುಸ್ತಿ ಮಣ್ಣಿನಲ್ಲಿ ಬೆಳೆದವಳಿಗೆ ಕೈ ಬಿಡುವುದು ಬರುವುದಿಲ್ಲ. ಸಪ್ನಾಳ ಕಾಲು ಇದ್ದಲ್ಲೇ ಇತ್ತು, ಮೈ ತಿರುಗಿತು. ಕಾಲು ಹೀಗೆಯೇ ಜೋಪಾನ ಮಾಡಿದರೆ ನಡೆದುಕೊಂಡು ಹೋಗುತ್ತದೆ, ಇನ್ನೊಮ್ಮೆ ತಿರುಗಿದರೆ ಆಪರೇಷನ್, ಆಮೇಲೆ ನೆಲದ ಮೇಲೆ ಕುಳಿತುಕೊಳ್ಳುವ ಆಸೆ ಬಿಡಬೇಕು ಅಂದರು ಡಾಕ್ಟರು.

ಅದಾಗಿ ಎರಡು ತಿಂಗಳಿಗೆ ಪತ್ರ ಬಂತು. ಕ್ರೀಡಾ ಕೋಟಾದಲ್ಲಿ ಒಂದು ಸರಕಾರಿ ಇಲಾಖೆಯ ನೌಕರಿಗೆ ಹಾಕಿದ್ದ ಅರ್ಜಿಗೆ ಉತ್ತರ. ಅವಳ ಹತ್ತಿರ ಮೂರು ಆಟಗಳದ್ದು ಸೇರಿ ಮೂವತ್ತೆಂಟು ಪ್ರಮಾಣಪತ್ರಗಳಿದ್ದವು. ಇಲಾಖೆಗೆ ಬೇಕಾದದ್ದು ಒಂದೇ ಆಟದ್ದು, ಅದೂ ಇತ್ತೀಚಿನದು. ಇನಾಮಿದ್ದ ಕಡೆ ಓಡಿದ ನಮಗೆ, ಒಂದೇ ಆಟ ಹಿಡಿದು ಕೂತವರಿಗೆ ಮಾತ್ರ ಈ ಬಾಗಿಲು ತೆರೆಯುತ್ತದೆಂದು ಯಾರೂ ಹೇಳಿರಲಿಲ್ಲ. ಕುಸ್ತಿ ನಡೆಯಲಿಲ್ಲ, ಜೂಡೊ ನಡೆಯಲಿಲ್ಲ. ಕಬಡ್ಡಿಯಲ್ಲಿ ಮಾತ್ರ ಟ್ರಯಲಿಗೆ ಕರೆದಿದ್ದರು. ಮುಂದಿನ ವರ್ಷ ವಯಸ್ಸು ದಾಟುತ್ತದೆ. ಇದೊಂದೇ ಅವಕಾಶ. ಭಾನುವಾರ, ಬೆಳಗಾವಿಯಲ್ಲಿ.

ಸೋಮವಾರ ಸಂಜೆ ಅವಳು ಪತ್ರ ಮಡಚಿ ಫ್ರಿಜ್ಜಿನ ಮೇಲಿಟ್ಟಳು.

“ಯವ್ವಾ, ಸಾಕು.”

ನಾನು ಹ್ಞೂಂ ಅಂದೆ.

“ಬೆಳಗಾವಿ ಟಿಳಕವಾಡಿ ಜಿಮ್‌ನ್ಯಾಗ ಹುಡುಗ್ಯಾರಿಗೆ ಕಲಸಾಕ ಕರದಾರ. ತಿಂಗಳಿಗೆ ಹತ್ತು ಸಾವಿರ. ಕಾಲಿಗೆ ತ್ರಾಸಿಲ್ಲ.”

“ಆತವ್ವ.”

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೇರೇನೂ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ, ಬುಧವಾರವೂ ಇಲ್ಲ. ಆದರೆ ಬಸ್ಸಿನಲ್ಲಿ ಕಂಬಿಗೆ ಒರಗಿ ನಿಂತಾಗಲೆಲ್ಲ ಅದೇ ಯೋಚನೆ. ಜಿಮ್ಮಿನವನು ನಾಳೆ ಬಾಗಿಲು ಮುಚ್ಚಿದರೆ? ನನ್ನ ರಿಟೈರ್‌ಮೆಂಟಿಗೆ ಹನ್ನೊಂದು ವರ್ಷ. ಹದಿನೆಂಟು ವರ್ಷ ಚೀಲದ ಪಟ್ಟಿ ಕೂತು ನನ್ನ ಹೆಗಲಿನಲ್ಲಿ ಗುಂಡಿ ಬಿದ್ದಿದೆ, ಆದರೂ ಒಂದನೇ ತಾರೀಕು ಸಂಬಳ ತಪ್ಪಿಲ್ಲ. ಅವಳಿಗೆ ಅಂಥದೊಂದು ತಾರೀಕು ಇಲ್ಲ.

ಶುಕ್ರವಾರ ವಸ್ತಾದ ಬಂಡೆಪ್ಪ ಬಸ್ಸು ಹತ್ತಿದರು. ಕಂಡಕ್ಟರ್ ಸೀಟಿನ ಬಾಜು ಕೂತು, ಖಾನಾಪುರ ಹತ್ತಿರ ಬಂದಾಗ ಕೇಳಿದರು.

“ಟ್ರಯಲ್ಲಿಗೆ ಹೋಗೂದಿಲ್ಲಂತ?”

“ಸಾಕು ಅಂದಾಳ್ರಿ.”

“ನಾ ಹೇಳಿದ್ನಿ. ಕೇಳಲಿಲ್ಲ. ನೀ ಒಂದ ಸಲ ಅನ್ನು ತಂಗಿ. ನೀ ಅಂದ್ರ ಹೋಗ್ತಾಳ.”

“ನಾ ಅನ್ನಾಂಗಿಲ್ಲರಿ. ಭಂಡಾರ ಮುಟ್ಟೀನಿ.”

ಅವರು ತಲೆಯ ಪಟಗಾ ಬಿಚ್ಚಿ ಮುಖ ಒರೆಸಿಕೊಂಡರು. “ಬೀರಪ್ಪ ಪಗಾರ ಕೊಡ್ತಾನೇನು?” ಅಂದರು. ಅಂದವರೇ ತಪ್ಪಾಯಿತೆಂಬಂತೆ ಗಲ್ಲ ಗಲ್ಲ ಬಡಿದುಕೊಂಡರು. ನನಗೆ ನಗು ಬರಲಿಲ್ಲ.

ಶನಿವಾರ ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಸಪ್ನಾ ಎಣ್ಣೆ ಡಬ್ಬಿಯ ಮೇಲೆ ಕಾಲು ಚಾಚಿ ಕೂತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು.

“ನಾಳೆ ನನಗ ರಜಾ ಐತಿ,” ಅಂದೆ.

“ಹ್ಞೂಂ.”

“ಬೆಳಗಾವಿಗೆ ನಿನ್ನ ಜೊತಿ ಬರ್ತೀನಿ.”

ಅವಳ ಕೈ ನಿಂತಿತು. “ಯಾಕ?”

ಗೊತ್ತಿದ್ದೇ ಕೇಳಿದಳು. ಹಿಂದೆ ಸರಿಯಲು ಜಾಗವಿತ್ತು. ಅರಿವೆ ತರೋಣ, ಡಾಕ್ಟರಿಗೆ ತೋರಿಸೋಣ, ಏನಾದರೂ ಅನ್ನಬಹುದಿತ್ತು.

“ಇನ್ನೊಂದ್ ಸಲ ಆಡಿಬಿಡವ್ವ.”

ಆಣೆಯ ಮಾತು ಎತ್ತುತ್ತಾಳೆಂದು ಕಾದೆ. ಎತ್ತಲಿಲ್ಲ. ಹೆಂಚಿನ ಕಡೆ ನೋಡಿ, “ರೊಟ್ಟಿ ಹೊತ್ತಾಕತ್ತೈತಿ,” ಅಂದಳು. ಊಟ ಮಾಡಿ ಮಂಚದ ಕೆಳಗಿನಿಂದ ಬೂಟು ತೆಗೆದು ಒರೆಸಿಟ್ಟಳು.

ಟ್ರಯಲಿಗೆ ನಲವತ್ತು ಹುಡುಗಿಯರು ಬಂದಿದ್ದರು. ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ಆಡಿದಳು. ನನಗೆ ಆಟದ ಒಳಸುಳಿ ತಿಳಿಯುವುದಿಲ್ಲ. ಅವಳು ಬಿದ್ದಾಗಲೆಲ್ಲ ಏಳುವ ತನಕ ಒಂದು, ಎರಡು ಎಂದು ಎಣಿಸುತ್ತಿದ್ದೆ. ಕೊನೆಗೆ ಒಬ್ಬಳ ಕಾಲು ಹಿಡಿದಳು, ಬಿಡಲಿಲ್ಲ, ಅಂಕ ಬಂತು. ಆಮೇಲೆ ತಾನಾಗಿ ಏಳಲಿಲ್ಲ. ಇಬ್ಬರು ಹುಡುಗಿಯರು ಹೆಗಲು ಕೊಟ್ಟು ಹೊರಗೆ ಕರೆತಂದರು. ನನ್ನನ್ನು ದಾಟಿ ಹೋಗುವಾಗ, “ನೀರ ಕೊಡು,” ಅಂದಳು, ಅಷ್ಟೇ.

ಆಪರೇಷನ್ ಆಯಿತು. ಆಯ್ಕೆ ಪಟ್ಟಿಯಲ್ಲಿ ಹೆಸರೂ ಬಂತು. ಮೇಜಿನ ಕೆಲಸವೆಂದು ವೈದ್ಯಕೀಯ ಪರೀಕ್ಷೆಯಲ್ಲಿ ಪಾಸು ಮಾಡಿದರು. ಈಗ ಧಾರವಾಡದ ಕಚೇರಿಯಲ್ಲಿದ್ದಾಳೆ. ಕಾಯಂ ನೌಕರಿ, ಒಂದನೇ ತಾರೀಕು ಸಂಬಳ. ಊರಿಗೆ ಬಂದಾಗ ಕುರ್ಚಿಯ ಮೇಲೆ ಕೂತು ಉಣ್ಣುತ್ತಾಳೆ. ನನ್ನ ಬಸ್ಸು ಹತ್ತುವಾಗ ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಆಮೇಲೆ ಮುಂದಿನ ಮೆಟ್ಟಿಲು ಹತ್ತುತ್ತಾಳೆ. ನನ್ನೊಡನೆ ಚೆನ್ನಾಗಿಯೇ ಮಾತಾಡುತ್ತಾಳೆ. ಆ ಶನಿವಾರದ ಬಗ್ಗೆ ಅವಳು ಕೇಳಿಲ್ಲ, ನಾನೂ ಹೇಳಿಲ್ಲ.

ಭಂಡಾರ ಮುಟ್ಟಿ ಕೊಟ್ಟ ಮಾತನ್ನು ನಾನು ಮುರಿದೆ.